ಪೆಟ್ಟಿಗೆಯ ಮೇಲಿನ ಹೆಸರುಗಳು

ಮಾರ್ಚ್ 16, 2024. ಶನಿವಾರ

ಮಧ್ಯಾಹ್ನ ಮೂರಕ್ಕೆ ಚುನಾವಣೆ ಘೋಷಣೆ. ಚಿತ್ರದುರ್ಗಕ್ಕೆ ಏಪ್ರಿಲ್ 26. ನೀತಿ ಸಂಹಿತೆ ಆಗಲೇ ಜಾರಿ. ಸಂಜೆ ಗಾಂಧಿ ಸರ್ಕಲ್ ಹತ್ತಿರ ಫ್ಲೆಕ್ಸ್ ಇಳಿಸುತ್ತಿದ್ದರು. ಬಸ್ ತಂಗುದಾಣದ ಮೇಲಿನ ಮುಖಕ್ಕೆ ಪೇಪರ್ ಮೆತ್ತುತ್ತಿದ್ದರು. ಹಾರ್ಮೋನಿಯಂ ರಿಪೇರಿಯವನಿಗೆ ಇದರಿಂದ ಏನಾಗಬೇಕು ಎಂದು ಟೀ ಕುಡಿದು ಬಂದೆ.

ರಾತ್ರಿ ಎಂಟಕ್ಕೆ ಹೊಸದುರ್ಗ ತಾಲ್ಲೂಕಿನ ಒಂದು ಭಜನಾ ಮಂಡಳಿಯ ಕಾರ್ಯದರ್ಶಿ ಫೋನ್. ಹಾರ್ಮೋನಿಯಂ ಪೆಟ್ಟಿಗೆ ಕೊಡಿಸಿದವರ ಫೋಟೋ ಸ್ಟಿಕರ್ ಮುಂದಿನ ಹಲಗೆ ತುಂಬ ಇದೆಯಂತೆ, ಪಕ್ಷದ ಗುರುತಿನ ಸಮೇತ. "ಶನಿವಾರ ಶನಿವಾರ ಗುಡಿಯಲ್ಲಿ ಭಜನೆ, ಮೇಷ್ಟ್ರೇ. ಯಾರಾದ್ರೂ ವಿಡಿಯೋ ಮಾಡಿ ಕಳಿಸಿಬಿಟ್ರೆ? ಕಿತ್ತುಹಾಕ್ಲಾ?" ಕೀಳಬೇಡಿ, ಮೇಲೊಂದು ಟವಲ್ ಹೊದಿಸಿ ಬಸ್ಸಿಗೆ ಹಾಕಿ ಅಂದೆ.

ಮಾರ್ಚ್ 18, ಸೋಮವಾರ

ಪೆಟ್ಟಿಗೆ ಬಂತು. ಟವಲ್ ಹೊದಿಸಿದ್ದಾರೆ, ಆದರೆ ಅದಕ್ಕೂ ಮೊದಲು ಕಿತ್ತು ನೋಡಿದ್ದಾರೆ. ಬಲಮೂಲೆಯಲ್ಲಿ ಥಿನ್ನರ್ ಒರೆಸಿದ ಜಾಗ ಕದಡಿ, ಬೆರಳ ಗೆರೆ ಹಾಗೇ ಕೂತಿದೆ. ಕಾರ್ಯದರ್ಶಿಯ ಮಗನ ಕೆಲಸ. ಬೈಕ್ ಟ್ಯಾಂಕ್ ಮೇಲಿನ ಸ್ಟಿಕರ್ ಹೀಗೇ ತೆಗೆಯುತ್ತಾನಂತೆ. ಬೈಕಿನ ಬಣ್ಣ ಬೇರೆ. ಇದು ಅರಗಿನ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ್ದು. ಒಣಗಿ ಐವತ್ತು ವರ್ಷವಾಗಿದ್ದರೂ ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಥಿನ್ನರ್, ಉಗುರುಬಣ್ಣ ತೆಗೆಯುವ ನೀರು, ಕೊರೋನಾ ಕಾಲದ ಸ್ಯಾನಿಟೈಜರ್, ಎಲ್ಲ ಒಂದೇ ಜಾತಿ. ಕೊರೋನಾ ಎರಡು ವರ್ಷ ಎಷ್ಟು ಪೆಟ್ಟಿಗೆಗಳ ಮುಖ ಬೆಳ್ಳಗೆ ಮಾಡಿಕೊಂಡು ತಂದರೋ.

ಫೋಟೋದ ಸಾಹೇಬರ ನಗು ಮಾತ್ರ ಚೆನ್ನಾಗಿದೆ. ಇಡೀ ದಿನ ಅಂಗಡಿಗೆ ಬಂದವರಿಗೆಲ್ಲ ನಗುತ್ತಾ ಕೂತಿತ್ತು. ಮುಖವನ್ನು ಗೋಡೆ ಕಡೆ ತಿರುಗಿಸಿದೆ. ಅಂಗಡಿಗೂ ನೀತಿ ಸಂಹಿತೆ.

ಮಾರ್ಚ್ 19, ಮಂಗಳವಾರ

ಬೆಳಿಗ್ಗೆ ಕರೆಂಟ್ ಇರುವಾಗಲೇ ಶುರು. ಮಗಳ ಹಳೇ ಹೇರ್ ಡ್ರೈಯರ್, ಕಡಿಮೆ ಬಿಸಿ. ಗಾಳಿ ಬೀಳುವ ಜಾಗದಲ್ಲಿ ಅಂಗೈ ಇಟ್ಟರೆ ತಡೆಯುವಂತಿರಬೇಕು. ಅಂಗೈ ತಡೆಯದ್ದನ್ನು ಅರಗೂ ತಡೆಯದು. ಒಂದು ಮೂಲೆ ಸಡಿಲವಾದ ಮೇಲೆ ಅವಧಿ ಮುಗಿದ ಎಟಿಎಂ ಕಾರ್ಡ್ ತೂರಿಸಿ, ಎದ್ದ ತುದಿಯನ್ನು ಹಿಂದಕ್ಕೆ ಮಡಚಿ, ಹಲಗೆಗೆ ತಾಗಿಸಿಕೊಂಡೇ ನಿಧಾನಕ್ಕೆ ಎಳೆಯುವುದು. ಮೇಲಕ್ಕೆ ಎತ್ತಿ ಎಳೆದರೆ ಪಾಲಿಶ್ ಚಕ್ಕೆ ಕಿತ್ತು ಬರುತ್ತದೆ. ಗಂಟಲವರೆಗೆ ತೆಗೆಯುವಷ್ಟರಲ್ಲಿ ಹನ್ನೊಂದಾಯ್ತು.

ಕೆಳಗೆ ಇನ್ನೊಂದು ಚೀಟಿ!

ಕಾಗದದ್ದು. ಅಕ್ಕಿ ಗಿರಣಿಯವರೊಬ್ಬರು ತಮ್ಮ ತಂದೆಯ ನೆನಪಿಗೆ 1987ರಲ್ಲಿ ಕೊಟ್ಟದ್ದು ಎಂದಿದೆ. ಹಾಗಾದರೆ ಸಾಹೇಬರು ಕೊಡಿಸಿದ್ದು ಪೆಟ್ಟಿಗೆಯನ್ನಲ್ಲ, ಬಹುಶಃ ರಿಪೇರಿಯನ್ನು. ಅಥವಾ ಬರೀ ಸ್ಟಿಕರನ್ನು. ಕಾರ್ಯದರ್ಶಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಕಮಿಟೀಲಿ ಕೇಳಿ ಹೇಳ್ತೀನಿ."

ಮಾರ್ಚ್ 20, ಬುಧವಾರ

ಉಳಿದ ಗೋಂದು. ಸ್ವರದ ಮನೆಗಳ ಸಂದಿಗೆಲ್ಲ ಪೇಪರ್ ತುರುಕಿದೆ. ಎಣ್ಣೆ ಒಂದು ತೊಟ್ಟು ರೀಡಿಗೆ ಇಳಿದರೆ ಧೂಳು ಹಿಡಿದು ಆ ಸ್ವರ ಕೆಮ್ಮತೊಡಗುತ್ತದೆ. ಕೊಬ್ಬರಿ ಎಣ್ಣೆಯನ್ನು ಹಲಗೆಗೆ ಸುರಿಯದೆ ಬಟ್ಟೆಗೆ ಹಾಕಿ, ಗೋಂದಿನ ಮೇಲಷ್ಟೇ ಒತ್ತಿ, ಕಾದು, ಒರೆಸಿದೆ. ಮೊಂಡು ಉಳಿದದ್ದಕ್ಕೆ ಸೀಮೆಎಣ್ಣೆ ಸೋಕಿಸಿದ ಬಟ್ಟೆ. ಅರಗಿಗೆ ಅದು ಏನೂ ಮಾಡುವುದಿಲ್ಲ. ನೀರು ಬೇಡ, ನೀರು ನಿಂತರೆ ಅರಗು ಬೆಳ್ಳಗಾಗುತ್ತದೆ. ಕಾಗದದ ಚೀಟಿ ಎಂದರೆ ಎಲ್ಲರೂ ಮೊದಲು ಮಾಡುವುದು ಒದ್ದೆ ಬಟ್ಟೆ ಇಡುವುದೇ.

ಫೋಟೋ ಇದ್ದಷ್ಟು ಜಾಗ ಕಪ್ಪಾಗಿ, ಸುತ್ತ ಬಿಸಿಲಿಗೆ ಬಣ್ಣ ಹೋಗಿ, ಚೌಕ ಹಾಗೇ ಕಾಣುತ್ತದೆ. ಇದು ಕಲೆಯಲ್ಲ, ಉಜ್ಜಿದರೆ ಹೋಗದು. ಉಪ್ಪುಕಾಗದ ಹಾಕಿದರೆ ಇನ್ನೂ ಕೆಡುತ್ತದೆ. ಬೆಳಕಿಗೆ ತೆರೆದಿಟ್ಟರೆ ವರ್ಷಗಳಲ್ಲಿ ಅದಾಗೇ ಸುತ್ತಿನ ಬಣ್ಣಕ್ಕೆ ಹತ್ತಿರ ಬಂದೀತು. ಮುಖ ಹೋಯಿತು, ಚೌಕಟ್ಟು ಉಳಿಯಿತು.

ರಾತ್ರಿ ಫೋನ್. ಹಿರಿಯರು ಹಳೇ ಚೀಟಿ ಇರಲಿ ಎನ್ನುತ್ತಾರೆ, ಹುಡುಗರು ಎಲ್ಲಾ ತೆಗೀರಿ ಎನ್ನುತ್ತಾರೆ. "ನೀವೇ ನೋಡಿ ಮಾಡಿ, ಮೇಷ್ಟ್ರೇ." ಈ ಮಾತಿನಷ್ಟು ನನ್ನನ್ನು ಹೆದರಿಸುವುದು ಬೇರೆ ಇಲ್ಲ.

ಮಾರ್ಚ್ 23, ಶನಿವಾರ, ಹಿರಿಯೂರು

ತೇರುಮಲ್ಲೇಶ್ವರ ಗುಡಿ ಕಡೆಯ ಸಂಗೀತದ ಟೀಚರ್ ಮನೆ. 2022ರಲ್ಲಿ, ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ, ಟೀಚರ್ ಅವರ ಈ ಪೆಟ್ಟಿಗೆ ತೇವ ಕುಡಿದು ಮನೆಗಳು ಒತ್ತಿದರೆ ಏಳುತ್ತಿರಲಿಲ್ಲ. ಈಗ ತೇವದ ಮಾತೇ ಇಲ್ಲ. ವೇದಾವತಿಯಲ್ಲಿ ಕಲ್ಲುಗಳು ಕಾಣುತ್ತಿವೆ.

ಬಿಳಿ ಮನೆಗಳ ಮೇಲೆ ಸ ರಿ ಗ ಮ ಅಚ್ಚಾದ ಚೀಟಿಗಳು. ಅದಲ್ಲದೆ, ಕಪ್ಪು ನಾಲ್ಕಕ್ಕೆ, ಅಂದರೆ ನಾಲ್ಕನೇ ಕಪ್ಪು ಮನೆಗೆ, ಒಂದು ಮೆರೂನ್ ಸ್ಟಿಕರ್ ಬೊಟ್ಟು. ಟೀಚರ್ ನಕ್ಕರು. "ನನ್ನ ಹಣೇದೇ ಸಾರ್. ಚೀಟಿ ಅಂಟಿಸಿದ್ದು ಮಕ್ಕಳ ಅಪ್ಪಂದಿರು."

ಬೊಟ್ಟು ಸತ್ಯ, ಚೀಟಿ ಸುಳ್ಳು. ಅಂಗಡಿಯ ಚೀಟಿ 'ಸ'ವನ್ನು ಬಿಳಿ ಒಂದಕ್ಕೆ ಕಟ್ಟಿಹಾಕುತ್ತದೆ. ಇಲ್ಲಿ ಕಲಿಯುವ ಹುಡುಗಿಯರ ಶ್ರುತಿ ಕಪ್ಪು ನಾಲ್ಕು. ಅಲ್ಲಿಂದ ಎಣಿಸಿದರೆ 'ಸ' ಎಂದು ಬರೆದ ಬಿಳಿ ಒಂದು ಅಂತರ ಗಾಂಧಾರವಾಗುತ್ತದೆ! ಮಗು ಕಣ್ಣಲ್ಲಿ ಷಡ್ಜ ನೋಡುತ್ತಾ ಬಾಯಲ್ಲಿ ಗಾಂಧಾರ ಹಾಡಬೇಕು. ಟೀಚರ್ ತಿಂಗಳು ಎರಡು ತಿಂಗಳಿಗೆ ಬೊಟ್ಟು ತೆಗೆದುಬಿಡುತ್ತಾರಂತೆ, ಬೆರಳಿಗೆ ಗೊತ್ತಾದ ಮೇಲೆ. ನನ್ನಪ್ಪ ಬದುಕಿದ್ದರೆ ಈಕೆಗೆ ಕೈಮುಗಿಯುತ್ತಿದ್ದ.

ಒಂದು ಮಗುವಿನ ತಾಯಿ ಚೀಟಿಯ ಗೋಂದು ತೆಗೆಯಲು ಉಗುರುಬಣ್ಣದ ನೀರು ಹಾಕಿದ್ದಾರೆ. ಎರಡು ಮನೆಗಳ ಪ್ಲಾಸ್ಟಿಕ್ ಹೊದಿಕೆ ಕರಗಿ ಗುಳಿ. ಹೊಸ ಹೊದಿಕೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಹಳೆಯವು ದಂತದ ಬಣ್ಣಕ್ಕೆ ತಿರುಗಿವೆ. ಹಾಗೇ ನಯಮಾಡಿ ಬಿಟ್ಟೆ. ದುಡ್ಡು ತಗೊಳ್ಳಲಿಲ್ಲ. ಹೆಂಡತಿಗೆ ಹೇಳಿಲ್ಲ.

ಮಾರ್ಚ್ 25, ಸೋಮವಾರ

ಹೋಳಿ. ಅಂಗಡಿ ಬಾಗಿಲು ಹಾಕಿದೆ. ವಾದ್ಯಕ್ಕೆ ಬಣ್ಣ ಬಿದ್ದರೆ ಯಾರು ತೆಗೀತಾರೆ.

ಮಾರ್ಚ್ 28, ಗುರುವಾರ, ಹೊಳಲ್ಕೆರೆ

ಓಲಗದವರ ಮನೆ. ಕೆಲಸ ಅರ್ಧ ದಿನ. ಡೋಲಿನ ಮರದ ಮೇಲೆ ರೇಡಿಯಂ ಸ್ಟಿಕರ್: ತಂಡದ ಹೆಸರು, ಫೋನ್ ನಂಬರ್. ನಂಬರ್ ಬದಲಾಗಿದೆ, ಹಳೆಯದಕ್ಕೆ ಫೋನ್ ಮಾಡಿದರೆ ಯಾರೋ ಹರಪನಹಳ್ಳಿಯ ಟ್ರ್ಯಾಕ್ಟರ್‌ನವರು ಎತ್ತುತ್ತಾರಂತೆ. ಹಾಗಾಗಿ ಎರಡು ಮದುವೆ ಕೈತಪ್ಪಿದವಂತೆ. "ಸ್ಟಿಕರ್ ಬೇಡ ಅಂತೀರಲ್ಲ ಮೇಷ್ಟ್ರೇ, ವಿಸಿಟಿಂಗ್ ಕಾರ್ಡ್ ಕೊಡೋಕೆ ನಮಗೇನು ಆಫೀಸಿದ್ಯಾ? ಮೆರವಣಿಗೇಲಿ ನೋಡಿದೋರೇ ಕರೀತಾರೆ." ಇದಕ್ಕೆ ಉತ್ತರ ಕೊಡಲಿಲ್ಲ. ಡೋಲಿನವನು ಸರಿಯಾಗಿಯೇ ಹೇಳಿದ.

ಮರದ ಮೇಲಿನದನ್ನು ತೆಗೆದೆ. ಚರ್ಮದ ಅಂಚಿಗೆ ಅಂಟಿಸಿದ್ದ ಇನ್ನೊಂದನ್ನು ಮುಟ್ಟಲಿಲ್ಲ. ಕಿತ್ತರೆ ಚರ್ಮದ ಮೇಲ್ಪದರ ಎದ್ದು ಬರುತ್ತದೆ, ಎಣ್ಣೆ ಸೋಕಿದರೆ ಮೆತ್ತಗಾಗಿ ನಾದ ಸಾಯುತ್ತದೆ, ಬಿಸಿ ಕೊಟ್ಟರೆ ಬಿಗಿದು ಬಿರಿಯಲೂಬಹುದು. ಮುಂದಿನ ಸಲ ಚರ್ಮ ಹೊದಿಸುವಾಗ ಅದರ ಜೊತೆಗೇ ಹೋಗುತ್ತದೆ, ಅಲ್ಲೀತನಕ ಇರಲಿ ಅಂದೆ.

ಶ್ರುತಿ ಪೆಟ್ಟಿಗೆಗೆ ಡಬಲ್ ಟೇಪ್‌ನಲ್ಲಿ ಅಂಟಿಸಿದ ಅಕ್ರಿಲಿಕ್ ಪ್ಲೇಟು. ಸ್ಕ್ರೂಡ್ರೈವರ್ ಹಾಕಿ ಮೀಟಲು ಹೊರಟಿದ್ದ. ತಡೆದು ಹೊಲಿಗೆ ದಾರ ತರಿಸಿದೆ. ಎರಡು ತುದಿ ಹಿಡಿದು ಪ್ಲೇಟಿನ ಹಿಂದೆ ಗರಗಸದಂತೆ ಆಡಿಸಿದರೆ ಟೇಪು ತಾನೇ ಸೀಳುತ್ತದೆ. ಅವನ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇಡ್ಲಿ ಹಿಂಗೇ ಕತ್ತರಿಸ್ತಿದ್ರು ನಮ್ಮತ್ತೆ, ತಟ್ಟೆ ಇಡ್ಲೀನ."

ಬರುವಾಗ ಬಯಲು ಗಣಪತಿಗೆ ಕೈಮುಗಿದೆ. ಎಲ್ಲರೂ ಮುಂದಿನಿಂದ ನೋಡಿ ಹೋಗುತ್ತಾರೆ. ಜಡೆ ಇರುವುದು ಬೆನ್ನಿಗೆ.

ಏಪ್ರಿಲ್ 4, ಗುರುವಾರ

ಬಿಸಿಲು. ಅಂಗಡಿಯ ಶೀಟು ಕಾದು ಒಳಗೆ ಕೂರಲಾಗುತ್ತಿಲ್ಲ. ಯಾರೂ ಬರಲಿಲ್ಲ. ಹೊಸದುರ್ಗದ ಪೆಟ್ಟಿಗೆ ಎದುರಿಗೇ ಇದೆ, ಚೀಟಿಯ ಸಮೇತ. ತೆಗೆಯಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ತಿದಿ ಬಿಚ್ಚಿ ಒಳಗೆ ನೋಡಿದೆ. ರೀಡಿನ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಯಾರೋ ಶ್ರುತಿ ಮಾಡಿದವನ ಗುರುತು, ಒಂದು ಅಕ್ಷರ, ಒಂದು ಗೀಟು. ಅಪ್ಪನೂ ಹೀಗೇ ಮಾಡುತ್ತಿದ್ದ. ನಾಟಕ ಕಂಪನಿಗಳಲ್ಲಿ ಒಂದೇ ಲಾರಿಯಲ್ಲಿ ನಾಲ್ಕು ಪೆಟ್ಟಿಗೆ ಹೋಗುತ್ತಿದ್ದವು, ಗುರುತು ಬೇಡವೇ? ಹೊರಗೆ ಏನೂ ಬರೆಯುತ್ತಿರಲಿಲ್ಲ. ಹಿಡಿಗೆ ಒಂದು ಕೆಂಪು ಚಿಂದಿ, ಒಳಗೆ ಪೆನ್ಸಿಲ್.

ಅಪ್ಪನ ಸಿಟ್ಟೆಲ್ಲ ರೇಡಿಯೋ ಮೇಲೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನೇ ಹೊರಗಿಟ್ಟಿತು, ಗಮಕ ಬರುವುದಿಲ್ಲವೆಂದು. 1971ರ ತನಕ ನಿಷೇಧ. "ಪೆಟ್ಟಿಗೆಗೇ ಒಂದು ಚೀಟಿ ಅಂಟಿಸಿಬಿಟ್ರು" ಎನ್ನುತ್ತಿದ್ದ. ಅವನು ಹೇಳುವಾಗ ನಗುತ್ತಿದ್ದೆ.

ಏಪ್ರಿಲ್ 9, ಯುಗಾದಿ

ಮಗಳು ಬಂದಿದ್ದಾಳೆ. ಗಿಟಾರ್ ಮೈತುಂಬ ಸ್ಟಿಕರ್. ಬೆಕ್ಕು, ಕಾಫಿ ಕಪ್, ಯಾವುದೋ ಬ್ಯಾಂಡು, ಒಂದು ಅಂಬೇಡ್ಕರ್. ಬೇವು ಬೆಲ್ಲ ಬಾಯಲ್ಲಿರುವಾಗಲೇ ಜಗಳ. ಪ್ಲಾಸ್ಟಿಕ್ ಸ್ಟಿಕರಿನಲ್ಲಿ ಮೆದುಮಾಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಇಳಿದು ಹಳೇ ಲ್ಯಾಕರನ್ನು ಮೆತ್ತಗೆ ಮಾಡುತ್ತೆ, ಮುಂದಿನ ಹಲಗೆ ನಡುಗಿದರೇ ನಾದ, ಅದಕ್ಕೆ ಭಾರ ಹೇರಬಾರದು, ಎಲ್ಲಾ ಹೇಳಿದೆ. "ಅಪ್ಪಾ, ಇದು ಆರು ಸಾವಿರದ ಗಿಟಾರು. ಹಾಕಿರೋದು ಪಾಲಿಯೂರೆಥೇನ್ ಕೋಟಿಂಗು, ಏನೂ ಆಗಲ್ಲ." ಅದೂ ನಿಜ. ಆಮೇಲೆ ವುಡಿ ಗತ್ರಿ ಎಂಬ ಅಮೆರಿಕದ ಹಾಡುಗಾರನ ಫೋಟೋ ತೋರಿಸಿದಳು. ಎರಡನೇ ಮಹಾಯುದ್ಧದ ಕಾಲದ್ದು. ಈ ಯಂತ್ರ ಫ್ಯಾಸಿಸ್ಟರನ್ನು ಕೊಲ್ಲುತ್ತದೆ ಎಂದು ಗಿಟಾರಿನ ಮೇಲೇ ಬರೆದುಕೊಂಡಿದ್ದಾನೆ. "ಇದನ್ನೂ ಕೊಬ್ಬರಿ ಎಣ್ಣೆ ಹಾಕಿ ತೆಗೀತೀಯಾ?"

ಇಲ್ಲ. ಅವನೇ ಬರೆದದ್ದು, ಅವನೇ ನುಡಿಸಿದ್ದು. ಕೊಡಿಸಿದವನ ಮುಖವಲ್ಲವಲ್ಲ. ಇದನ್ನು ಅವಳಿಗೆ ಹೇಳಲಿಲ್ಲ, ಹೋಳಿಗೆ ತಿಂದು ಮಲಗಿದೆ.

ಮುಂದಿನ ಹಲಗೆಯ ಮೇಲಿನ ಬೆಕ್ಕನ್ನು ಸಂಜೆ ಅವಳೇ ತೆಗೆದು ಹಿಂಭಾಗಕ್ಕೆ ಅಂಟಿಸಿದ್ದಾಳೆ.

ಏಪ್ರಿಲ್ 12, ಶುಕ್ರವಾರ

ಹಿರಿಯೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿ. ಬೈಕಿನಲ್ಲಿ ಬಂದು ಕರೆದುಕೊಂಡು ಹೋದರು. ಜುಂಜಪ್ಪ ಸ್ವಾಮಿಯ ಕಥೆ ಹೇಳುವಾಗ ಊದುವ ಬಿದಿರಿನ ಗಣೆ. ಎಲ್ಲೋ ಜನಪದ ಕಾರ್ಯಕ್ರಮಕ್ಕೆ ಹೋದಾಗ, ಕಲಾವಿದರಿಗೆ ನಂಬರ್ ಕೊಟ್ಟವರು ಆ ನಂಬರನ್ನು ಗಣೆಗೇ ಅಂಟಿಸಿ ಕಳಿಸಿದ್ದಾರೆ. ಗಣೆಯ ಅಜ್ಜ ಚೀಟಿಯನ್ನು ಕಿತ್ತಿಲ್ಲ, ಗಣೆ ಊದಿಯೂ ಇಲ್ಲ, ತೂಗುಹಾಕಿಟ್ಟಿದ್ದಾನೆ.

ಕೈಕಾಲು ತೊಳೆದು, ಚಪ್ಪಲಿ ಬೇಲಿಯ ಹೊರಗೆ ಬಿಟ್ಟು ಕೂತೆ. ಚೀಲದಲ್ಲಿ ಏನೇನಿದೆ ಎಂದು ಕೇಳಿದ. ಸ್ಪಿರಿಟ್ ಬಾಟಲಿ ಕಂಡು ತಲೆ ಅಲ್ಲಾಡಿಸಿದ. "ಹೆಂಡದ ವಾಸ್ನೆ ಅದು, ಸ್ವಾಮಿ ಸೇರಾಕಿಲ್ಲ." ಸೀಮೆಎಣ್ಣೆಯೂ ಬೇಡವಂತೆ. ಸರಿ, ಹೆಬ್ಬೆಟ್ಟು. ಬಿಸಿಲಿಗೆ ಗೋಂದು ಮೊದಲೇ ಮೆದುವಾಗಿತ್ತು. ಬೆರಳ ಬಿಸಿಗೆ ಉರುಳೆ ಉರುಳೆಯಾಗಿ ಎದ್ದು ಬಂತು. ಉಳಿದ ಜಿಗುಟಿಗೆ ದೇವರ ದೀಪದ ಎಣ್ಣೆ ಅವನೇ ತಂದ. ಬಿದಿರಿಗೆ ಎಣ್ಣೆ ಒಳ್ಳೆಯದೇ. ಕೊನೆಗೆ ವಿಭೂತಿ ಹಚ್ಚಿ ಮೈಯೆಲ್ಲ ಒರೆಸಿದ. ವಿಭೂತಿ ಉಳಿದ ಎಣ್ಣೆಯನ್ನೂ ಹೀರಿಕೊಂಡಿತು. ಈ ಉಪಾಯ ನನಗೆ ಹೊಳೆದಿರಲಿಲ್ಲ.

ಚೀಟಿಯ ಮೇಲೆ 14 ಎಂದಿತ್ತು. ಅದನ್ನೇನು ಮಾಡಬೇಕು ಎಂದು ಕೇಳಿದೆ. ಒಲೆಗೆ ಹಾಕು ಅಂದ.

ಊದಿ ತೋರಿಸು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಯಾಕೆ ಕೇಳಲಿಲ್ಲವೋ.

ಏಪ್ರಿಲ್ 14, ಭಾನುವಾರ

ಅಂಬೇಡ್ಕರ್ ಜಯಂತಿ. ತಮಟೆ ಹುಡುಗರು ಬೆಳಿಗ್ಗೆ ಏಳಕ್ಕೇ ಬಂದರು, ನೀಲಿ ಸ್ಟಿಕರ್ ಕಟ್ಟು ಹಿಡಿದು. ಎಲ್ಲಿ ಅಂಟಿಸಿದರೆ ಉಳಿಯುತ್ತೆ ಎಂದು ಕೇಳಲು. ಚರ್ಮದ ಮೇಲೆ ಬೇಡ, ಬೆಂಕಿಗೆ ಹಿಡಿದು ಕಾಯಿಸುವಾಗ ಮುದುರುತ್ತೆ ಅನ್ನುವಷ್ಟರಲ್ಲಿ ಒಬ್ಬ ಹೇಳಿದ: "ಚರ್ಮದ ಮೇಲೆ ಹೆಂಗ್ ಹಾಕ್ತೀವಿ ಅಣ್ಣಾ, ಬಾಬಾಸಾಹೇಬ್ರಿಗೆ ಏಟು ಬೀಳಲ್ವಾ?" ಬಳೆಯ ಹೊರಗೆ, ಕಬ್ಬಿಣ ಒರೆಸಿ ಒಣಗಿಸಿ, ನಾನೇ ಅಂಟಿಸಿಕೊಟ್ಟೆ. ತೆಗೆಯುವವನು ಅಂಟಿಸಿದ ದಿನ.

ಮಧ್ಯಾಹ್ನ ಮೆರವಣಿಗೆ ಅಂಗಡಿ ಮುಂದೆಯೇ ಹೋಯಿತು. ಏನು ಬಡಿತ!

ಏಪ್ರಿಲ್ 16, ಮಂಗಳವಾರ

ನಾಳೆ ರಾಮನವಮಿ. ಹೊಸದುರ್ಗದ ಪೆಟ್ಟಿಗೆ ಬೇಕೇಬೇಕು ಎಂದು ನಿನ್ನೆಯಿಂದ ಕಾರ್ಯದರ್ಶಿ ಫೋನ್. ಬಸ್ಸಿಗೆ ಹಾಕಲು ಮನಸ್ಸಾಗದೆ ನಾನೇ ಹೊತ್ತು ಹೋದೆ. ಹಳೇ ಚೀಟಿ ಹಾಗೇ ಇದೆ. ಅದರ ಗೋಂದು ಒಣಗಿ ಅರಗಿನೊಳಗೇ ಕೂತಿದೆ, ತೆಗೆದರೆ ಕೆಳಗಿನ ಪಾಲಿಶ್ ಬರುತ್ತದೆ ಎಂದು ಕಮಿಟಿಗೆ ಹೇಳಿದೆ. ನಿಜ. ಆದರೆ ಪೂರ್ತಿ ಕಾರಣ ಅದೇ ಎಂದು ನನಗೇ ನಂಬಿಕೆಯಿಲ್ಲ. ಮೂರು ದಿನ ಕೂತರೆ ತೆಗೆಯಬಹುದಿತ್ತು.

ಹಿರಿಯರೊಬ್ಬರು ಚೀಟಿಯ ಮೇಲೆ ಬೆರಳಾಡಿಸಿದರು. ಗಿರಣಿ ಈಗಿಲ್ಲವಂತೆ. ಅವರು ಸಾಣೇಹಳ್ಳಿಯ ಶಿವಸಂಚಾರದ ನಾಟಕಗಳನ್ನು 1997ರಿಂದ, ಶುರುವಾದ ವರ್ಷದಿಂದ, ಬಿಡದೆ ನೋಡಿದವರು. ರಂಗಗೀತೆಗಳೆಲ್ಲ ಅಲ್ಲಿ ಕೇಳಿಯೇ ಕಲಿತದ್ದಂತೆ. ಕಪ್ಪು ಒಂದರಲ್ಲಿ ಎತ್ತಿಕೊಂಡು ಎರಡು ಹಾಡಿದರು. ಗಟ್ಟಿ ಗಂಟಲು. ಹುಡುಗನೊಬ್ಬ ಮಾತ್ರ ಪೆಟ್ಟಿಗೆಯ ಮೇಲಿನ ಕಪ್ಪು ಚೌಕವನ್ನೇ ನೋಡುತ್ತಿದ್ದ. "ಗೊತ್ತಾಗ್ಬಿಡುತ್ತಲ್ಲಾ ಅಂಕಲ್, ಯಾರ್ದೋ ಇತ್ತು ಅಂತ." ಹೂವಿನ ಹಾರ ಇಳಿಬಿಡಿ ಅಂದೆ.

ಏಪ್ರಿಲ್ 26, ಶುಕ್ರವಾರ

ವೋಟು ಹಾಕಿ ಬಂದೆ. ಬೆರಳ ಮೇಲಿನ ಶಾಯಿ ನೋಡುತ್ತಾ ಕೂತೆ. ಮೈಸೂರಿನ ಸರ್ಕಾರಿ ಕಾರ್ಖಾನೆಯದು, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅದು ಶುರುವಾದದ್ದು ಅರಗಿನ ಕಾರ್ಖಾನೆಯಾಗಿ. ಒಂದೇ ಮನೆಯಿಂದ ಎರಡು: ಮುಟ್ಟಿದರೆ ಕರಗುವ ಅರಗು, ಏನು ಮಾಡಿದರೂ ಹೋಗದ ಶಾಯಿ. ಸೀಮೆಎಣ್ಣೆ ಹಚ್ಚಿ ನೋಡಿದೆ. ಹೋಗಲಿಲ್ಲ. ಹೆಂಡತಿ ನೋಡಿ, "ಇನ್ನೊಂದ್ಸಲ ಹಾಕ್ಬೇಕಾ ವೋಟು?" ಅಂದಳು.

ಮೇ 20, ಸೋಮವಾರ

ಕೆಲಸ ಕಡಿಮೆ. ಮಕ್ಕಳು ಕೀಬೋರ್ಡ್ ಕೊಳ್ಳುತ್ತಾರೆ, ಅದು ಶ್ರುತಿ ತಪ್ಪುವುದಿಲ್ಲ. ಈ ತಿಂಗಳು ರೀಡು ತಿದ್ದಿದ್ದಕ್ಕಿಂತ ಸ್ಟಿಕರ್ ತೆಗೆದದ್ದೇ ಹೆಚ್ಚು. ಇದಕ್ಕಾಗಿ ಅಪ್ಪ ಕೈ ಹಿಡಿದು ಸ್ವರ ಕಲಿಸಿದನಾ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಲೆಕ್ಕ ಬರೆದೆ.

ಜೂನ್ 7, ಶುಕ್ರವಾರ

ನಿನ್ನೆ ನೀತಿ ಸಂಹಿತೆ ತೆಗೆದರು. ಇವತ್ತು ಬೆಳಿಗ್ಗೆ ಕಾರ್ಯದರ್ಶಿ ಫೋನ್. ಹೊಸ ಫೋಟೋ ಸ್ಟಿಕರ್ ಬಂದಿದೆಯಂತೆ, ಹಳೆಯದಕ್ಕಿಂತ ದೊಡ್ಡದು. "ಚೌಕಾನೂ ಮುಚ್ಚುತ್ತೆ ಮೇಷ್ಟ್ರೇ, ನೋಡೋಕೆ ಚೆನ್ನಾಗಿರುತ್ತೆ." ಗಿರಣಿಯವರ ಚೀಟಿಯೂ ಮುಚ್ಚುತ್ತೆ ಅಂದೆ. "ಅದೂ ಹೌದು" ಅಂದರು. ಪೆಟ್ಟಿಗೆ ಇಡುವ ಮರದ ಡಬ್ಬಿಗೆ ಅಂಟಿಸಿ, ಅಂಗೈಯಗಲ ಸಾಕು, ಊರಿಂದೂರಿಗೆ ಹೋಗುವಾಗ ನೋಡುವುದು ಡಬ್ಬಿಯನ್ನೇ ಅಂದೆ. ಕಮಿಟೀಲಿ ಕೇಳ್ತೀನಿ ಅಂದರು.

ಜೂನ್ 8, ಶನಿವಾರ

ಅಂಗಡಿಗೆ ಬೋರ್ಡ್ ಬರೆಸಿದೆ. ಸ್ಟಿಕರಿನಲ್ಲಲ್ಲ, ಪೇಂಟರ್ ಕೈಯಲ್ಲಿ. ಹೀಗೆ:

ಹೆಸರು, ಫೋಟೋ, ಫೋನ್ ನಂಬರ್ ಇದ್ದರೆ ದಯವಿಟ್ಟು ವಾದ್ಯದ ಡಬ್ಬಿಗೆ ಅಂಟಿಸಿ, ವಾದ್ಯಕ್ಕೆ ಬೇಡ. ಚರ್ಮಕ್ಕೆ ಅಂಟಿಸಿದ್ದನ್ನು ತೆಗೆದುಕೊಡುವುದಿಲ್ಲ. ಸ್ಟಿಕರ್ ತೆಗೆಯಲು 150 ರೂಪಾಯಿ. ಥಿನ್ನರ್, ಸ್ಯಾನಿಟೈಜರ್ ಹಾಕಿ ತಂದರೆ ಪಾಲಿಶ್ ಖರ್ಚು ಬೇರೆ.